ಕಂದು ಹಾಕುವ ರೋಗದ ಮೂಲ ಹುಡುಕಿದ ಬಾಂಗ್ ಡಾಕ್ಟರು



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕು ಎಂದು ನಮ್ಮ ಕಾರ್ಯದರ್ಶಿಗಳು ಪಟ್ಟು ಹಿಡಿದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಪೆನ್ನು ಹಿಡಿಯುವುದು ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಾಗ ಮಾತ್ರ. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಬರೆದಿದ್ದಾರೆ, ಲೆಕ್ಕಪತ್ರದ ವಿಷಯ ಕಾರ್ಯದರ್ಶಿಗಳೇ ಬರೆದಿದ್ದಾರೆ. ಹಂಗಾಗಿ ನಾವು ಬೇರೆ ಒಬ್ಬರ ವಿಚಾರ ಬರೆಯೋಣ ಅಂತ ಕೂತೆವು. ಅವರು ನಮ್ಮ ಊರಿನವರಲ್ಲ, ನಮ್ಮ ದೇಶದವರೂ ಅಲ್ಲ. ಅವರ ಹೆಸರು ಬರ್ನ್‌ಹಾರ್ಡ್ ಬಾಂಗ್. ಡೆನ್ಮಾರ್ಕ್ ದೇಶದ ಪಶುವೈದ್ಯರು. ದನದ ಡಾಕ್ಟರುಗಳ ಲೋಕದಲ್ಲಿ ಬಹಳ ದೊಡ್ಡ ಹೆಸರು. ಒಂದು ಕಾಯಿಲೆಗೆ ಬಾಂಗ್ ರೋಗ ಅಂತಲೇ ಅವರ ಹೆಸರು ಇಟ್ಟಿದ್ದಾರೆ. ಆ ಕಾಯಿಲೆ ನಮ್ಮ ಕೊಟ್ಟಿಗೆಗೂ ಬಂದಿತ್ತು. ಅದನ್ನು ಮೊದಲು ಹೇಳದಿದ್ದರೆ ಇವರ ಕಥೆ ನಾವು ಯಾಕೆ ಹೇಳುತ್ತಿದ್ದೇವೆ ಅನ್ನುವುದು ತಿಳಿಯುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಸಾಲ ಮಾಡಿ ಒಂದು ಸೀಮೆಹಸು ತಂದಿದ್ದೆವು. ಏಳು ತಿಂಗಳ ಗಬ್ಬ. ಒಂದು ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಕಂದು ಹಾಕಿ ನಿಂತಿತ್ತು. ಕಸವೂ ಬಿದ್ದಿರಲಿಲ್ಲ. ನಮ್ಮ ತಾಯಿಯವರು ಯಾರದೋ ಕಣ್ಣು ಬಿದ್ದಿದೆ ಅಂದರು, ತಂದೆಯವರು ಕಲ್ಲುಹಾಸಿನ ಮೇಲೆ ಜಾರಿರಬೇಕು ಅಂದರು. ನಾವೇ ಬರಿಗೈ ಹಾಕಿ ಕಸ ಎಳೆದೆವು. ಪದ್ಧತಿ ಪ್ರಕಾರ ಅದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದೆವು. ಸತ್ತ ಕರುವನ್ನು ತಿಪ್ಪೆಯಲ್ಲಿ ಮೇಲೆ ಮೇಲೆ ಮುಚ್ಚಿದ್ದಕ್ಕೆ ರಾತ್ರಿ ನಾಯಿಗಳು ಎಳೆದಾಡಿದವು. ನಾಲ್ಕು ತಿಂಗಳೊಳಗೆ ಪಕ್ಕದಲ್ಲಿ ಕಟ್ಟುತ್ತಿದ್ದ ಚೊಚ್ಚಲ ಕಡಸೂ ಕಂದು ಹಾಕಿತು. ಈ ಹಸುವಿನ ಕಾಲ್ಗುಣವೇ ಸರಿಯಿಲ್ಲ ಎಂದು ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟೆವು. ಕೊಂಡವರು ಹಲ್ಲು ನೋಡಿದರು, ಸುಳಿ ನೋಡಿದರು, ಕೆಚ್ಚಲು ಮುಟ್ಟಿ ನೋಡಿದರು. ಕಂದು ಹಾಕಿದ ಸಂಗತಿ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅದೇ ವರ್ಷ ನಮಗೆ ಜ್ವರ ಹಿಡಿಯಿತು. ಸಾಯಂಕಾಲ ಆದರೆ ಮೈ ಕಾಯುವುದು, ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುವುದು, ಸೊಂಟ ಮಂಡಿ ಹಿಡಿದುಕೊಳ್ಳುವುದು. ಎರಡು ತಿಂಗಳು ಹಿಂಗೇ ಹೋಯಿತು. ಕಡೆಗೆ ಪಟ್ಟಣದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಇದು ದನದಿಂದ ಬಂದ ಜ್ವರ ಎಂದು ತಿಳಿಯಿತು. ಆರು ವಾರ ಮಾತ್ರೆ ನುಂಗಿ, ಸೂಜಿ ಚುಚ್ಚಿಸಿಕೊಂಡು ಗುಣವಾದೆವು. ಆಮೇಲೆ ಒಂದು ತರಬೇತಿ ಶಿಬಿರಕ್ಕೆ ಹೋಗಿದ್ದಾಗ ಪಶುವೈದ್ಯರೊಬ್ಬರು ಬಾಂಗ್ ಅವರ ಕಥೆ ಹೇಳಿದರು. ಅಲ್ಲಿಂದ ಈಚೆಗೆ ಎಲ್ಲಿ ಏನು ಸಿಕ್ಕಿದರೂ ಓದಿ, ಕೇಳಿ, ಬರೆದಿಟ್ಟುಕೊಂಡು ಬಂದಿದ್ದೇವೆ.

ಡೆನ್ಮಾರ್ಕ್ ಬಹಳ ಚಿಕ್ಕ ದೇಶ. ನಮ್ಮ ಕರ್ನಾಟಕದ ಕಾಲುಭಾಗವೂ ಇಲ್ಲ. ಬಾಂಗ್ ಹುಟ್ಟಿದ್ದು ಅಲ್ಲಿಯ ಸೋರೋ ಎಂಬ ಪಟ್ಟಣದಲ್ಲಿ, 1848ನೇ ಇಸವಿ ಜೂನ್ 7ರಂದು. 1872ರಲ್ಲಿ ಮನುಷ್ಯರ ಡಾಕ್ಟರಾಗಿ ಪಾಸಾದರು. ಅಲ್ಲಿಗೆ ನಿಲ್ಲದೆ ಮಾರನೆಯ ವರ್ಷ, 1873ರಲ್ಲಿ, ಪಶುವೈದ್ಯದ ಪರೀಕ್ಷೆಯನ್ನೂ ಪಾಸು ಮಾಡಿದರು. ನಮ್ಮ ಕಡೆ ಮನುಷ್ಯರ ಡಾಕ್ಟರಾದವರು ದನದ ಡಾಕ್ಟರಿಕೆಗೆ ಬರುವುದನ್ನು ಯಾರೂ ಕಂಡಿರಲಿಕ್ಕಿಲ್ಲ. ಬಾಂಗ್ ಅವರಿಗೆ ಎರಡೂ ಗೊತ್ತಿದ್ದದ್ದೇ ಮುಂದೆ ದೊಡ್ಡ ಅನುಕೂಲ ಆಯಿತು. ಹಸುವಿನ ಕಾಯಿಲೆ ನೋಡುವಾಗ ಅದರ ಹಾಲು ಕುಡಿಯುವ ಮಗುವೂ ಅವರ ಕಣ್ಣ ಮುಂದೆ ಇರುತ್ತಿತ್ತು.

ಇಲ್ಲಿ ದನದ ಡಾಕ್ಟರಿಕೆ ಹೆಂಗೆ ಹುಟ್ಟಿತು ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಹಿಂದೆ ಯುರೋಪಿನಲ್ಲೂ ಕುದುರೆಗೆ ಲಾಳ ಹೊಡೆಯುವವರು, ನಾಟಿ ಔಷಧಿ ಕೊಡುವವರು, ಇವರೇ ವೈದ್ಯರು. ದೊಡ್ಡರೋಗ ಬಂದು ಲಕ್ಷಗಟ್ಟಲೆ ದನ ಸತ್ತ ಮೇಲೆ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ಲೋದ್ ಬೂರ್ಜೆಲಾ ಎಂಬುವರು 1762ರಲ್ಲಿ ಪಶುವೈದ್ಯ ಶಾಲೆ ತೆರೆದರು. ಸತ್ತ ಪ್ರಾಣಿಯನ್ನು ಕೊಯ್ದು ಮೂಳೆ, ನರ, ಕರುಳು ಎಲ್ಲ ಎಲ್ಲೆಲ್ಲಿ ಇವೆ ಎಂದು ಶಾಸ್ತ್ರೋಕ್ತವಾಗಿ ಕಲಿಸಿದ್ದು ಅಲ್ಲಿಂದ ಶುರು. ಅಲ್ಲಿ ಕಲಿತು ಬಂದ ಆಬಿಲ್‌ಗೋರ್ ಎಂಬುವರು 1773ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂಥದೇ ಶಾಲೆ ಮಾಡಿದರು. ಅದೇ ಮುಂದೆ ರಾಯಲ್ ಪಶುವೈದ್ಯ ಮತ್ತು ಕೃಷಿ ಕಾಲೇಜು ಆಯಿತು. ಒಂದೇ ಕಾಲೇಜಿನಲ್ಲಿ ದನದ ವಿದ್ಯೆಯೂ ಬೇಸಾಯದ ವಿದ್ಯೆಯೂ ಇದ್ದದ್ದು ಒಳ್ಳೆಯದೇ ಆಯಿತು ಅಂತ ನಮಗನ್ನಿಸುತ್ತದೆ. ಎರಡೂ ಬೇರೆ ಬೇರೆ ಆದರೆ ರೈತ ಎರಡು ಕಚೇರಿಗೆ ಅಲೆಯಬೇಕು.

1880ರಲ್ಲಿ ಬಾಂಗ್ ಈ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಅದೇ ವರ್ಷ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಮನುಷ್ಯ ಹೆಂಗೆ ಸಾಯುತ್ತಾನೆ ಎಂಬ ವಿಷಯದ ಮೇಲೆ ದೊಡ್ಡ ಪ್ರಬಂಧ ಬರೆದು ಡಾಕ್ಟರೇಟು ಪಡೆದರು. ಕಾಲೇಜಿನಲ್ಲಿ ಮೊದಲು ಪ್ರಾಣಿಗಳ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದರು. ಆಮೇಲೆ ಕಾಯಿಲೆ ಬಿದ್ದ ಅಂಗಾಂಗಗಳ ವಿದ್ಯೆಗೆ, ಅಂದರೆ ಸತ್ತ ದನವನ್ನು ಕೊಯ್ದು ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವ ಕೆಲಸಕ್ಕೆ ಬಂದರು. ಮುಂದೆ ಅದೇ ಕಾಲೇಜಿನ ಮುಖ್ಯಸ್ಥರೂ ಆದರು, ಸರಕಾರಕ್ಕೆ ಪಶುರೋಗದ ವಿಷಯದಲ್ಲಿ ಸಲಹೆಗಾರರೂ ಆದರು. ಪದವಿಗಳ ಪಟ್ಟಿ ಇನ್ನೂ ಉದ್ದ ಇದೆ, ಅದು ಇರಲಿ ಬಿಡಿ.

ಬಾಂಗ್ ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಡೆನ್ಮಾರ್ಕಿನ ರೈತರ ಪರಿಸ್ಥಿತಿ ಏನು ಅನ್ನುವುದು ನಮ್ಮ ಸದಸ್ಯರಿಗೆ ಬಹಳ ಮುಖ್ಯ. 1864ರ ಯುದ್ಧದಲ್ಲಿ ಸೋತು ಆ ದೇಶ ಒಳ್ಳೆಯ ಭೂಮಿ ಕಳೆದುಕೊಂಡಿತ್ತು. ಅಮೆರಿಕ, ರಷ್ಯಾ ಕಡೆಯಿಂದ ಹಡಗಿನಲ್ಲಿ ಅಗ್ಗದ ಗೋಧಿ ಬಂದು ಸುರಿದಾಗ ಇವರ ಬೆಳೆಗೆ ಬೆಲೆ ಬಿತ್ತು. ರೈತರು ಕಾಳು ಬೆಳೆದು ಮಾರುವುದನ್ನು ಕಡಿಮೆ ಮಾಡಿ ಹಸು ಕಟ್ಟಿದರು, ಹಂದಿ ಸಾಕಿದರು, ಬೆಣ್ಣೆ ಮಾಡಿ ಇಂಗ್ಲೆಂಡಿಗೆ ಕಳಿಸಿದರು. ಸಣ್ಣ ರೈತನ ಮನೆಯ ಬೆಣ್ಣೆ ಒಂದೊಂದು ದಿನ ಒಂದೊಂದು ಥರ ಇದ್ದು ಬೆಲೆ ಸಿಗುತ್ತಿರಲಿಲ್ಲ. 1878ರಲ್ಲಿ ಸ್ವೀಡನ್ನಿನ ದ ಲಾವಾಲ್ ಎಂಬುವರು ಹಾಲಿನಿಂದ ಕೆನೆ ತೆಗೆಯುವ ಯಂತ್ರ ಕಂಡುಹಿಡಿದರು. ಆ ಯಂತ್ರ ಒಬ್ಬೊಬ್ಬರೇ ಕೊಳ್ಳಲಾಗದು. 1882ರಲ್ಲಿ ಪಶ್ಚಿಮ ಡೆನ್ಮಾರ್ಕಿನ ಯೆಡಿಂಗ್ ಎಂಬ ಹಳ್ಳಿಯ ರೈತರು ಸೇರಿ ಆ ದೇಶದ ಮೊದಲ ಹಾಲಿನ ಸಹಕಾರ ಸಂಘ ಕಟ್ಟಿದರು. ಹಸು ಎಷ್ಟೇ ಇರಲಿ, ಆಳಿಗೆ ಒಂದೇ ಓಟು. ಹಾಲಿನ ಗುಣಕ್ಕೆ ತಕ್ಕ ದುಡ್ಡು, ಲಾಭ ಬಂದರೆ ಹಾಲು ಹಾಕಿದಷ್ಟಕ್ಕೆ ಹಂಚಿಕೆ. ಇಪ್ಪತ್ತು ವರ್ಷ ತುಂಬುವುದರೊಳಗೆ ಅಂಥ ಸಂಘಗಳು ಸಾವಿರ ದಾಟಿದವು. ನಾವು ಇಲ್ಲಿ ಕ್ಯಾನು ಇಟ್ಟುಕೊಂಡು ಸಾಲು ನಿಲ್ಲುವ ಪದ್ಧತಿಗೆ ಅವರು ನಮಗಿಂತ ತೊಂಬತ್ತು ನೂರು ವರ್ಷ ಮೊದಲೇ ನಿಂತಿದ್ದರು.

ಆ ಸಂಘಗಳಲ್ಲಿ ಒಂದು ಪದ್ಧತಿ ಇತ್ತು. ಎಲ್ಲರ ಹಾಲನ್ನೂ ಒಟ್ಟು ಸುರಿದು ಕೆನೆ ತೆಗೆದು ಬೆಣ್ಣೆ ಮಾಡುವರು. ಉಳಿದ ಕೆನೆ ತೆಗೆದ ಹಾಲು, ಮಜ್ಜಿಗೆಯನ್ನು ಅವರವರ ಲೆಕ್ಕಕ್ಕೆ ವಾಪಸು ಕೊಡುವರು. ರೈತ ಅದನ್ನು ಮನೆಗೆ ತಂದು ಕರುಗಳಿಗೂ ಹಂದಿಮರಿಗಳಿಗೂ ಕುಡಿಸುವನು. ಏನೂ ವ್ಯರ್ಥವಿಲ್ಲ. ಈ ಒಳ್ಳೆಯ ಪದ್ಧತಿಯೊಳಗೇ ಹಾವು ಅಡಗಿತ್ತು ಅನ್ನುವುದನ್ನು ತೋರಿಸಿಕೊಟ್ಟವರಲ್ಲಿ ಬಾಂಗ್ ಅವರು ಮುಖ್ಯರು.

ಆ ಹಾವು ಎಂದರೆ ಕ್ಷಯ. ಮನುಷ್ಯರಿಗೆ ಬರುವ ಹಾಗೆ ದನಕ್ಕೂ ಕ್ಷಯ ಬರುತ್ತದೆ. ಕೊಯ್ದು ನೋಡಿದರೆ ಎದೆಗೂಡಿನ ಒಳಗಡೆ ಮುತ್ತು ಪೋಣಿಸಿದ ಹಾಗೆ ಗಂಟುಗಳಿರುತ್ತವೆ, ಅದಕ್ಕೇ ಜರ್ಮನರು ಅದನ್ನು ಮುತ್ತಿನ ರೋಗ ಅನ್ನುತ್ತಿದ್ದರು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರು ಕ್ಷಯದ ರೋಗಾಣುವನ್ನು ಕಂಡುಹಿಡಿದರು. ಬಾಂಗ್ ಅವರು ಹಸುವಿನ ಕೆಚ್ಚಲನ್ನು ಹಿಡಿದುಕೊಂಡರು. ಕಾಯಿಲೆ ಹಸುಗಳ ಕೆಚ್ಚಲು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಹಾಲನ್ನು ಬೇರೆ ಪ್ರಾಣಿಗಳಿಗೆ ಕೊಟ್ಟು ಪರೀಕ್ಷೆ ಮಾಡಿದರು. ಆಗ ಕಂಡ ಸಂಗತಿ ನಮ್ಮಂಥವರು ಗಮನವಿಟ್ಟು ಓದಬೇಕಾದ್ದು. ನಮಗೆ ಗೊತ್ತಿರುವ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಕೆಂಪಾಗಿ ಬಿಸಿಯಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ, ಹಾಲು ಒಡೆದು ಗರಣೆ ಗರಣೆಯಾಗಿ ಬರುತ್ತದೆ. ಕ್ಷಯ ಹಿಡಿದ ಕೆಚ್ಚಲು ಹಂಗಲ್ಲ. ಒಂದು ಕಡೆ ಗಟ್ಟಿಯಾಗಿ ಊದಿಕೊಳ್ಳುತ್ತದೆ, ನೋವಿಲ್ಲ. ಹಾಲು ವಾರಗಟ್ಟಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ ಹಾಲಿನೊಳಗೆ ರೋಗಾಣು ತುಂಬಿರುತ್ತದೆ. ಅಂಥ ಒಂದು ಹಸುವಿನ ಹಾಲು ಸಂಘಕ್ಕೆ ಬಂದು, ಎಲ್ಲರ ಹಾಲಿನೊಟ್ಟಿಗೆ ಬೆರೆತು, ಕೆನೆ ತೆಗೆಸಿಕೊಂಡು ವಾಪಸು ಮನೆ ಮನೆಗೆ ಹೋದರೆ ಏನಾಗುತ್ತದೆ? ಒಬ್ಬನ ಕೊಟ್ಟಿಗೆಯ ರೋಗ ಇಡೀ ಹಳ್ಳಿಯ ಕರುಗಳಿಗೆ ಹಂಚಿದಂತಾಗುತ್ತದೆ. ಸಹಕಾರದಲ್ಲಿ ಲಾಭ ಹಂಚಿಕೊಂಡಂತೆ ಕಾಯಿಲೆಯನ್ನೂ ಹಂಚಿಕೊಂಡಂತೆ ಆಗುತ್ತಿತ್ತು.

ಇದಕ್ಕೆ ಏನು ಮಾಡಬೇಕು? ರೋಗ ಇರುವ ದನವನ್ನೆಲ್ಲ ಕೊಲ್ಲಿಸಿಬಿಡಿ ಎಂದು ಕೆಲವು ವಿದ್ವಾಂಸರ ಸಲಹೆ. ಆದರೆ ಅಲ್ಲಿಯ ಎಷ್ಟೋ ಕೊಟ್ಟಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಸುಗಳಿಗೆ ಕ್ಷಯದ ಸೋಂಕಿತ್ತು. ಎಲ್ಲ ಕೊಲ್ಲಿಸಿದರೆ ರೈತ ಬದುಕುವುದೆಂತು, ಸರಕಾರ ಪರಿಹಾರ ಕೊಡುವುದೆಂತು? ಬಾಂಗ್ ಅವರ ದೊಡ್ಡತನ ನಮಗೆ ಕಾಣುವುದು ಇಲ್ಲೇ. ಅವರು ರೈತನ ಗಂಟು ನೋಡಿ ಔಷಧ ಹೇಳಿದರು. ಕಾಖ್ ಅವರು 1890ರಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವ ಮಾಡಿ ಇದು ಕ್ಷಯಕ್ಕೆ ಮದ್ದು ಎಂದು ಪ್ರಕಟಿಸಿದ್ದರು. ಮದ್ದಾಗಿ ಅದು ಕೆಲಸಕ್ಕೆ ಬರಲಿಲ್ಲ, ದೊಡ್ಡ ನಿರಾಸೆ ಆಯಿತು. ಆದರೆ ಅದನ್ನು ದನಕ್ಕೆ ಚುಚ್ಚಿದರೆ ಕ್ಷಯದ ಸೋಂಕು ಇರುವ ದನಕ್ಕೆ ಜ್ವರ ಏರುತ್ತಿತ್ತು, ಸೋಂಕಿಲ್ಲದ್ದಕ್ಕೆ ಏರುತ್ತಿರಲಿಲ್ಲ. ಹೊರಗೆ ಗುಂಡುಗುಂಡಾಗಿ ಕಾಣುವ ಹಸುವಿನ ಒಳಗಿನ ರೋಗ ಇದರಿಂದ ಬಯಲಾಗುತ್ತಿತ್ತು. ಬಾಂಗ್ ಅವರು ಈ ಪರೀಕ್ಷೆಯನ್ನು ಹಿಡಿದುಕೊಂಡರು.

1892ರಲ್ಲಿ ಥುರೇಬ್ಯೂಲಿಲ ಎಂಬ ಒಂದು ದೊಡ್ಡ ಫಾರಂ ಆರಿಸಿಕೊಂಡು ಪ್ರಯೋಗ ಶುರು ಮಾಡಿದರು. ಎಲ್ಲ ದನಕ್ಕೂ ಸೂಜಿ ಚುಚ್ಚಿ, ಜ್ವರ ಬಂದವನ್ನು ಒಂದು ಕಡೆ, ಬಾರದವನ್ನು ಒಂದು ಕಡೆ ಕಟ್ಟಿಸಿದರು. ನಡುವೆ ಹಲಗೆಯ ಅಡ್ಡಗೋಡೆ. ಒಂದು ಕಡೆಯ ಆಳು ಇನ್ನೊಂದು ಕಡೆಗೆ ಹೋಗಬಾರದು. ಸೋಂಕಿನ ಹಸುಗಳನ್ನು ಕೊಲ್ಲಲಿಲ್ಲ. ಅವು ಹಾಲು ಕೊಡುತ್ತಲೇ ಇದ್ದವು, ಈಯುತ್ತಲೇ ಇದ್ದವು. ಆದರೆ ಕರು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ ಆರೋಗ್ಯದ ಕೊಟ್ಟಿಗೆಗೆ ತರುವುದು. ಗಿಣ್ಣು ಕುದಿಸಿದರೆ ಪ್ರಯೋಜನವಿಲ್ಲ, ಕುಡಿಸದೆ ಇದ್ದರೆ ಕರು ಉಳಿಯುವುದಿಲ್ಲ. ಹಂಗಾಗಿ ಮೊದಲ ದಿನ ಮಾತ್ರ ತಾಯಿಯ ಹಸಿ ಗಿಣ್ಣು, ಆಮೇಲೆಲ್ಲ ಕಾಯಿಸಿದ ಹಾಲು. ಆಗಾಗ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿ, ಹೊಸದಾಗಿ ಸೋಂಕು ಕಂಡದ್ದನ್ನು ಆ ಕಡೆಗೆ ದಾಟಿಸುವುದು. ವರ್ಷ ವರ್ಷಕ್ಕೂ ಆರೋಗ್ಯದ ಕಡೆ ತುಂಬುತ್ತ ಬಂತು, ಸೋಂಕಿನ ಕಡೆ ಮುದಿ ಹಸುಗಳು ತಾವಾಗಿ ಕರಗುತ್ತ ಬಂದವು. ಕ್ಷಯ ಹಿಡಿದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಹುಟ್ಟುತ್ತದೆ, ರೋಗ ಹುಟ್ಟಿದ ಮೇಲೆ ಅಂಟುವಂಥದ್ದು ಎಂಬುದು ಜನರಿಗೆ ಕಣ್ಣಾರೆ ಕಂಡಿತು. ವಂಶದ ಕಾಯಿಲೆ, ತಳಿಯೇ ಕೆಟ್ಟದ್ದು ಎಂಬ ಮಾತಿಗೆ ಬೆಲೆ ಹೋಯಿತು.

ಈ ಪದ್ಧತಿಗೆ ಬಾಂಗ್ ಪದ್ಧತಿ ಎಂದೇ ಹೆಸರು ಬಿದ್ದು ಬೇರೆ ದೇಶಗಳಿಗೂ ಹೋಯಿತು. ನಮ್ಮಲ್ಲಿ ಹಸುವನ್ನು ಕೊಲ್ಲುವ ಮಾತು ಯಾರೂ ಆಡುವುದಿಲ್ಲ. ಅಂಥ ನಮಗೆ ಇದಕ್ಕಿಂತ ಹೊಂದುವ ದಾರಿ ಬೇರೆ ಇಲ್ಲ ಅಂತ ನಾವು ಶಿಬಿರದಲ್ಲೂ ಎದ್ದು ನಿಂತು ಹೇಳಿದ್ದೆವು.

ಡೆನ್ಮಾರ್ಕಿನ ಸರಕಾರ 1893ರಲ್ಲಿ ಈ ಪರೀಕ್ಷೆಗೆ ಹಣ ಎತ್ತಿಟ್ಟಿತು. ರೈತನಿಗೆ ಪರೀಕ್ಷೆಯ ಖರ್ಚು ಸರಕಾರದ್ದು; ಷರತ್ತು ಏನೆಂದರೆ ಸೋಂಕಿನ ದನವನ್ನು ಬೇರೆ ಕಟ್ಟಬೇಕು, ಕರುಗಳಿಗೆ ಕಾಯಿಸಿದ ಹಾಲು ಹಾಕಬೇಕು. 1898ರಲ್ಲಿ ಕಾನೂನೇ ಬಂತು. ಸಂಘದಿಂದ ವಾಪಸು ಹೋಗುವ ಕೆನೆ ತೆಗೆದ ಹಾಲು, ಮಜ್ಜಿಗೆಯನ್ನು 85 ಡಿಗ್ರಿಗೆ ಕಾಯಿಸಿಯೇ ಕೊಡಬೇಕು. ಮುಂದೆ ಅದನ್ನು 80 ಡಿಗ್ರಿಗೆ ಇಳಿಸಿದರು. ಕೆಚ್ಚಲಿಗೆ ಕ್ಷಯ ಬಂದ ಹಸುವನ್ನು ಮಾತ್ರ ಪರಿಹಾರ ಕೊಟ್ಟು ತೆಗೆಸುವುದು. ಕಾಯಿಸಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದೇ ಊರಿನ ವಿಲ್ಹೆಲ್ಮ್ ಸ್ಟಾರ್ಕ್ ಎಂಬ ವಿಜ್ಞಾನಿ ಅದೇ ವರ್ಷ ಒಂದು ಪರೀಕ್ಷೆ ಕಂಡುಹಿಡಿದರು. ಹಾಲಿಗೆ ಎರಡು ದ್ರವದ ಹನಿ ಬಿಟ್ಟರೆ ಹಸಿ ಹಾಲು ನೀಲಿಯಾಗುತ್ತದೆ, 80 ಡಿಗ್ರಿ ಕಾದ ಹಾಲು ಬಿಳಿಯಾಗಿಯೇ ಇರುತ್ತದೆ. ಫ್ಯಾಟು ನೋಡುವಾಗ ಲ್ಯಾಕ್ಟೋಮೀಟರು ನೋಡುವಾಗ ಜಗಳವಾಡುವ ನಮ್ಮ ಸದಸ್ಯರು, ಅಲ್ಲಿಯೂ ಇಂಥ ಜಗಳಗಳೇ ಇದ್ದಿರಬೇಕು ಎಂದು ಸಮಾಧಾನ ಮಾಡಿಕೊಳ್ಳಬಹುದು.

1901ರಲ್ಲಿ ಲಂಡನ್ನಿನಲ್ಲಿ ಕ್ಷಯದ ಮೇಲೆ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಕಾಖ್ ಅವರು ಎದ್ದು ದನದ ಕ್ಷಯ ಮನುಷ್ಯರಿಗೆ ಅಂಟುವುದು ಬಹಳ ಅಪರೂಪ, ಹಾಲಿಗೆ ಅಷ್ಟೊಂದು ಹೆದರಬೇಕಾಗಿಲ್ಲ ಎಂಬ ಅರ್ಥದ ಮಾತು ಹೇಳಿದರು. ಕಾಖ್ ಅಂದರೆ ಆಗ ಲೋಕಕ್ಕೆಲ್ಲ ಗುರು. ಅಂಥವರ ಮಾತನ್ನು ಒಪ್ಪದವರಲ್ಲಿ ಬಾಂಗ್ ಒಬ್ಬರು. ಇಂಗ್ಲೆಂಡಿನ ಸರಕಾರ ಇದಕ್ಕಾಗಿ ಆಯೋಗ ನೇಮಿಸಿತು. ಹತ್ತು ವರ್ಷ ಪರೀಕ್ಷೆ ಮಾಡಿ 1911ರಲ್ಲಿ ಆ ಆಯೋಗ ದನದ ಕ್ಷಯ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಹಾಲಿನಿಂದ ಬರುತ್ತದೆ ಎಂದು ತೀರ್ಮಾನ ಕೊಟ್ಟಿತು.

ಈಗ ನಮ್ಮ ಕೊಟ್ಟಿಗೆಯ ಕಾಯಿಲೆಗೆ ಬರೋಣ. ಹಸು ಕಂದು ಹಾಕುವುದು ಅಲ್ಲಿಯ ರೈತರಿಗೂ ಹಳೆಯ ಕಾಟ. ಹೊಡೆತ ಬಿದ್ದಿರಬೇಕು, ಬೂಸಲು ಹಿಡಿದ ಮೇವು ತಿಂದಿರಬೇಕು ಎಂದೇ ಅವರೂ ಹೇಳಿಕೊಳ್ಳುತ್ತಿದ್ದರು. ಆದರೆ ಒಂದು ಕೊಟ್ಟಿಗೆಗೆ ಹೊಕ್ಕರೆ ಒಂದಾದ ಮೇಲೊಂದು ಹಸು ಕಂದು ಹಾಕುವುದನ್ನು ಕಂಡು ಇದು ಅಂಟುರೋಗ ಇರಬಹುದು ಎಂಬ ಅನುಮಾನವೂ ಕೆಲವರಿಗಿತ್ತು. ಫ್ರಾನ್ಸಿನ ನೊಕಾರ್ ಎಂಬ ದೊಡ್ಡ ಪಶುವೈದ್ಯರು 1880ರ ದಶಕದಲ್ಲಿ ಹುಡುಕಿ ನೋಡಿದ್ದರು, ಖಚಿತವಾಗಿ ಸಾಬೀತು ಮಾಡಲು ಆಗಿರಲಿಲ್ಲ.

ಬಾಂಗ್ ಅವರೂ ಅವರ ಸಹಾಯಕ ಸ್ಟ್ರಿಬೋಲ್ಟ್ ಅವರೂ ಒಂದು ಯುಕ್ತಿ ಮಾಡಿದರು. ಕಂದು ಹಾಕಿ ಆದ ಮೇಲೆ ನೋಡಿದರೆ ಕೊಟ್ಟಿಗೆಯ ಸಗಣಿ ಗಂಜಲದ ರೋಗಾಣುಗಳೆಲ್ಲ ಸೇರಿ ಯಾವುದು ಕಳ್ಳ, ಯಾವುದು ಸಾಕ್ಷಿ ಎಂದು ತಿಳಿಯುವುದಿಲ್ಲ. ಅದಕ್ಕೇ, ಇನ್ನೇನು ಕಂದು ಹಾಕುವ ಲಕ್ಷಣ ತೋರಿಸುತ್ತಿದ್ದ ಹಸುವನ್ನು ಕೊಂಡು, ಅದು ಕಂದು ಹಾಕುವುದಕ್ಕೆ ಮುಂಚೆಯೇ ಕೊಂದು, ಗರ್ಭಕೋಶವನ್ನು ಶುದ್ಧವಾಗಿ ತೆರೆದು ನೋಡಿದರು. ಗರ್ಭಕೋಶದ ಗೋಡೆಗೂ ಕಸದ ಪೊರೆಗೂ ನಡುವೆ ವಾಸನೆಯಿಲ್ಲದ, ಕೊಳಕು ಹಳದಿ ಬಣ್ಣದ ಲೋಳೆ ಇತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೇ ಜಾತಿಯ, ಬಹಳ ಸಣ್ಣ ರೋಗಾಣು, ರಾಶಿ ರಾಶಿ. ಅಂಗರಚನೆ ಬಲ್ಲವರ ಕೈ, ಶಸ್ತ್ರ ಹಿಡಿದು ಪಳಗಿದ ಕೈ ಆದ್ದರಿಂದಲೇ ಇದು ಸಾಧ್ಯವಾಯಿತು.

ಆ ರೋಗಾಣುವನ್ನು ಗಾಜಿನ ಕೊಳವೆಯಲ್ಲಿ ಬೆಳೆಸುವುದೂ ಸುಲಭವಾಗಿರಲಿಲ್ಲ. ಕೊಳವೆಯ ಮೇಲುಭಾಗದಲ್ಲಿ ಬೆಳೆಯದು, ತಳದಲ್ಲೂ ಬೆಳೆಯದು. ಮೇಲಿನಿಂದ ಸ್ವಲ್ಪ ಕೆಳಗೆ ಒಂದು ಪಟ್ಟಿಯ ಹಾಗೆ ಬೆಳೆಯಿತು. ಅದಕ್ಕೆ ಬೇಕಾದ ಗಾಳಿಯ ಪ್ರಮಾಣವೇ ಬೇರೆ ಎಂದು ಬಾಂಗ್ ಅರ್ಥ ಮಾಡಿಕೊಂಡರು. ಹಂಗೆ ಬೆಳೆಸಿದ್ದನ್ನು ಗಬ್ಬದ ಹಸುಗಳಿಗೆ ಸೇರಿಸಿದಾಗ ಅವೂ ಕಂದು ಹಾಕಿದವು, ಅವುಗಳ ಕಸದಲ್ಲೂ ಅದೇ ರೋಗಾಣು ಸಿಕ್ಕಿತು. ಇನ್ನು ಅನುಮಾನಕ್ಕೆ ಜಾಗ ಉಳಿಯಲಿಲ್ಲ. 1897ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಕಣ್ಣುಬಿದ್ದದ್ದೂ ಅಲ್ಲ, ಕಾಲ್ಗುಣವೂ ಅಲ್ಲ ಎಂದು ಲೋಕಕ್ಕೆ ತಿಳಿದು ಈಗ ನೂರ ಇಪ್ಪತ್ತೈದು ವರ್ಷ ದಾಟಿದೆ. ನಮ್ಮ ಮನೆಗೆ ಆ ಸುದ್ದಿ ಬರುವುದು ಅಷ್ಟು ತಡವಾಯಿತು.

ಈ ರೋಗದ ಕೆಟ್ಟ ಗುಣ ಏನೆಂದರೆ, ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಒಂದು ಸಲ ಕಂದು ಹಾಕುತ್ತದೆ, ಮುಂದಿನ ಸಲ ಹೆಚ್ಚಿನ ಹಸುಗಳು ದಿನ ತುಂಬಿ ಈಯುತ್ತವೆ. ರೈತ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾನೆ. ಆದರೆ ರೋಗಾಣು ಕೆಚ್ಚಲಲ್ಲೂ ಗರ್ಭದಲ್ಲೂ ಕೂತೇ ಇರುತ್ತದೆ. ಹಾಲಿನಲ್ಲಿ ಬರುತ್ತದೆ, ಈದಾಗ ಕಸದಲ್ಲಿ, ಸೋರುವ ನೀರಿನಲ್ಲಿ ಬರುತ್ತದೆ. ನೆರಳಿನ ತೇವದ ಜಾಗದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾವು ಆಲದ ಮರಕ್ಕೆ ಕಟ್ಟಿದ ಕಸ, ತಿಪ್ಪೆಯಿಂದ ನಾಯಿ ಎಳೆದ ಕರು, ಅಲ್ಲೇ ಕೆರೆ ಏರಿಯ ಕೆಳಗೆ ಮೇಯುತ್ತಿದ್ದ ಊರ ದನ, ಇವನ್ನೆಲ್ಲ ನೆನೆದರೆ ಈಗಲೂ ಮನಸ್ಸಿಗೆ ಸರಿ ಅನ್ನಿಸುವುದಿಲ್ಲ.

ಮನುಷ್ಯರಿಗೂ ಇದು ಬರುತ್ತದೆ ಎಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಮಾಲ್ಟಾ ದ್ವೀಪದಲ್ಲಿ ಇಂಗ್ಲಿಷ್ ಸಿಪಾಯಿಗಳಿಗೆ ಏರಿ ಇಳಿಯುವ ಜ್ವರ ಬರುತ್ತಿತ್ತು. ಡೇವಿಡ್ ಬ್ರೂಸ್ ಎಂಬ ಸೈನ್ಯದ ಡಾಕ್ಟರು 1887ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದಿದ್ದರು. 1905ರಲ್ಲಿ ಅಲ್ಲಿಯವರೇ ಆದ ಜ಼ಮ್ಮಿತ್ ಎಂಬ ಡಾಕ್ಟರು ಅದು ಮೇಕೆಗಳಲ್ಲಿರುವುದನ್ನು ತೋರಿಸಿದರು. ಮೇಕೆಯ ಹಸಿ ಹಾಲು ನಿಲ್ಲಿಸಿದ ಮೇಲೆ ಸಿಪಾಯಿಗಳ ಜ್ವರವೂ ನಿಂತಿತು. ಬಾಂಗ್ ಅವರ ಹಸುವಿನ ರೋಗಾಣು, ಬ್ರೂಸ್ ಅವರ ಮೇಕೆಯ ರೋಗಾಣು ಎರಡೂ ಅಣ್ಣತಮ್ಮಂದಿರು ಎಂದು 1918ರಲ್ಲಿ ಹೇಳಿದವರು ಅಮೆರಿಕದ ಆಲಿಸ್ ಇವಾನ್ಸ್ ಎಂಬ ಹೆಣ್ಣುಮಗಳು. ಹಸುವಿನ ಹಸಿ ಹಾಲೂ ಅಪಾಯ ಎಂದು ಆಕೆ ಎಚ್ಚರಿಸಿದಾಗ ದೊಡ್ಡ ದೊಡ್ಡವರು ನಂಬಲಿಲ್ಲ. ಡಾಕ್ಟರೇಟು ಇಲ್ಲದ ಹೆಂಗಸಿನ ಮಾತು ಎಂಬ ಉದಾಸೀನವೂ ಇತ್ತಂತೆ. 1922ರಲ್ಲಿ ಆಕೆಗೇ ಪ್ರಯೋಗಶಾಲೆಯಲ್ಲಿ ಆ ರೋಗ ಅಂಟಿ ವರ್ಷಾನುಗಟ್ಟಲೆ ನರಳಿದರು. ಆ ಹೊತ್ತಿಗೆ ಎರಡೂ ರೋಗಾಣುಗಳಿಗೆ ಸೇರಿ ಬ್ರುಸೆಲ್ಲ ಎಂದು ಬ್ರೂಸ್ ಅವರ ಹೆಸರು ಇಟ್ಟಾಗಿತ್ತು. ಬಾಂಗ್ ಅವರ ಹೆಸರು ರೈತರ ಬಾಯಲ್ಲಿ, ಬಾಂಗ್ ರೋಗ ಎಂದು ಉಳಿಯಿತು.

ಬಾಂಗ್ ಅವರು ಬೇರೆ ಕೆಲಸಗಳನ್ನೂ ಮಾಡಿದ್ದಾರೆ. ಕರುಗಳ ಬಾಯಿ ಗಂಟಲು ಹುಣ್ಣಾಗುವುದು, ದನದ ಗೊರಸಿನ ಸಂದು ಕೊಳೆಯುವುದು, ಇವಕ್ಕೆ ಕಾರಣವಾದ ರೋಗಾಣುವಿನ ಮೇಲೂ ಅವರ ಸಂಶೋಧನೆ ಇದೆ. ಕಂದು ಹಾಕುವ ರೋಗಕ್ಕೆ ಲಸಿಕೆ ಮಾಡಲೂ ಪ್ರಯತ್ನಿಸಿದರು. ಗಬ್ಬ ಆಗುವ ಮೊದಲೇ ಜೀವಂತ ರೋಗಾಣು ಕೊಟ್ಟರೆ ಹಸು ತಡೆದುಕೊಳ್ಳುತ್ತದೆ ಎಂದು ಕಂಡುಕೊಂಡರು, ಆದರೆ ಬೀರ್ಯ ಇರುವ ರೋಗಾಣು ಕೊಡುವುದು ಬೆಂಕಿಯ ಜತೆ ಆಟ. 1923ರಲ್ಲಿ ಅಮೆರಿಕದ ಜಾನ್ ಬಕ್ ಎಂಬುವರು ಒಂದು ಜರ್ಸಿ ಹಸುವಿನ ಹಾಲಿನಿಂದ ಬೇರೆ ಮಾಡಿದ ರೋಗಾಣು, ಪ್ರಯೋಗಶಾಲೆಯ ಮೇಜಿನ ಮೇಲೆ ವರ್ಷಕ್ಕಿಂತ ಹೆಚ್ಚು ಕಾಲ ಹಂಗೇ ಉಳಿದು ತನ್ನ ವಿಷ ಕಳೆದುಕೊಂಡಿತ್ತು. ಕಾಯಿಲೆ ತಾರದು, ಆದರೆ ತಡೆಯುವ ಶಕ್ತಿ ಕೊಡುತ್ತದೆ. ಎಸ್-19 ಎಂದು ಅದರ ಹೆಸರು. ಇವತ್ತು ನಮ್ಮ ಪಶು ಆಸ್ಪತ್ರೆಯಿಂದ ಹೆಣ್ಣುಕರುಗಳಿಗೆ ಚುಚ್ಚುವ ಮದ್ದಿನ ಮೂಲ ಅದೇ.

ಬಾಂಗ್ ಅವರು 1932ರ ಜೂನ್ 22ರಂದು ಕೋಪನ್‌ಹೇಗನ್‌ನಲ್ಲಿ ತೀರಿಕೊಂಡರು, ಆಗ 84 ವರ್ಷ. ಮಗ ಓಲುಫ್ ಬಾಂಗ್ ಅವರೂ ಪಶುವೈದ್ಯರಾಗಿ, ಕೋಳಿಗಳ ರಕ್ತದ ಕ್ಯಾನ್ಸರಿನ ಮೇಲೆ 1908ರಲ್ಲಿ ಹೆಸರಾದ ಸಂಶೋಧನೆ ಮಾಡಿದರು. ಹಿರಿಯರು ಶುರು ಮಾಡಿದ ಕೆಲಸ ಮುಗಿದದ್ದನ್ನು ಇಬ್ಬರೂ ನೋಡಲಿಲ್ಲ. 1950ರ ದಶಕದಲ್ಲಿ ಡೆನ್ಮಾರ್ಕಿನ ಕೊಟ್ಟಿಗೆಗಳಿಂದ ಕ್ಷಯ ಹೋಯಿತು, 1960ರ ಸುಮಾರಿಗೆ ಕಂದು ಹಾಕುವ ರೋಗವೂ ಹೋಯಿತು. ಥುರೇಬ್ಯೂಲಿಲದ ಹಲಗೆ ಗೋಡೆಯಿಂದ ಲೆಕ್ಕ ಹಾಕಿದರೆ ಅರವತ್ತು ಎಪ್ಪತ್ತು ವರ್ಷದ ಕೆಲಸ.

ಆ ದೇಶಕ್ಕೂ ನಮಗೂ ಒಂದು ನೇರ ಸಂಬಂಧ ಇದೆ. ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಆದದ್ದು ಡೆನ್ಮಾರ್ಕ್ ಸರಕಾರದ ನೆರವಿನಿಂದ, 1969ರಲ್ಲಿ. ಅಂಥ ಕೇಂದ್ರಗಳಲ್ಲಿ ಹೋರಿಗಳಿಗೆ ಕ್ಷಯ, ಬ್ರುಸೆಲ್ಲ ಪರೀಕ್ಷೆ ತಪ್ಪದೆ ಮಾಡುತ್ತಾರೆ. ಊರ ಹೋರಿಗೆ ಯಾರು ಮಾಡುತ್ತಾರೆ ಹೇಳಿ.

2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ಜ್ವರದ ಜತೆಗೆ ಬ್ರುಸೆಲ್ಲ ರೋಗಕ್ಕೂ ಲಸಿಕೆ ಕಾರ್ಯಕ್ರಮ ಶುರು ಮಾಡಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಜೀವಮಾನದಲ್ಲಿ ಒಂದೇ ಸಲ. ಗಂಡುಕರುವಿಗಾಗಲಿ ಗಬ್ಬದ ಹಸುವಿಗಾಗಲಿ ಕೊಡುವಂತಿಲ್ಲ. ಎಂಟು ತಿಂಗಳು ದಾಟಿತೆಂದರೆ ಸಮಯ ಹೋಯಿತು. ಕ್ಯಾನಿನ ಹಾಲಿನಿಂದಲೇ ಒಂದು ಪರೀಕ್ಷೆ ಮಾಡಬಹುದು. ಸ್ವಲ್ಪ ಹಾಲಿಗೆ ಬಣ್ಣ ಹಾಕಿದ ಸತ್ತ ರೋಗಾಣುವಿನ ಹನಿ ಬೆರೆಸಿ ಒಂದು ಗಂಟೆ ಬೆಚ್ಚಗೆ ಇಟ್ಟರೆ, ಸೋಂಕಿದ್ದಲ್ಲಿ ಮೇಲೆ ಕೆನೆಯ ಜಾಗದಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಈ ಪರೀಕ್ಷೆ ನಮ್ಮ ಸಂಘದಲ್ಲೂ ಮಾಡಿಸೋಣ ಎಂದು ನಾವು ಆಡಳಿತ ಮಂಡಳಿಯಲ್ಲಿ ವಿಷಯ ಮಂಡಿಸಿದಾಗ, ಉಂಗುರ ಕಂಡರೆ ಊರಿನ ಹಸುಗಳಿಗೆ ಜಾತ್ರೆಯಲ್ಲಿ ಬೆಲೆ ಬೀಳುತ್ತದೆ ಎಂದು ಕೆಲವರು ಹಿಂಜರಿದರು. ಅವರ ಮಾತು ಸುಳ್ಳಲ್ಲ. ಅವತ್ತು ಜಾತ್ರೆಯಲ್ಲಿ ನಾವು ಬಾಯಿ ಮುಚ್ಚಿಕೊಂಡಿದ್ದೂ ಅದೇ ಕಾರಣಕ್ಕೆ. ಆ ಹಸು ಕೊಂಡವರನ್ನು ಆಮೇಲೆ ಎರಡು ವರ್ಷ ಅದೇ ಜಾತ್ರೆಯಲ್ಲಿ ಹುಡುಕಿದೆವು, ಸಿಗಲಿಲ್ಲ. ವಿಷಯ ಮುಂದಿನ ಸಭೆಗೆ ಇದೆ, ಸದಸ್ಯರು ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.

ನಮ್ಮ ಮನೆಯಲ್ಲಿ ಈಗ ಕಸ ತೆಗೆಯಬೇಕಾಗಿ ಬಂದರೆ ಡಾಕ್ಟರನ್ನೇ ಕರೆಯುತ್ತೇವೆ. ಬಿದ್ದ ಕಸವನ್ನು ಕೈಗವಸು ಹಾಕಿಕೊಂಡು ಎತ್ತಿ, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತೇವೆ. ತಾಯಿಯವರು ಆಲದ ಮರಕ್ಕೆ ಬರೀ ಹುಲ್ಲಿನ ಸಿವುಡು ಕಟ್ಟಿ ಬರುತ್ತಾರೆ, ಅದಕ್ಕೆ ನಾವು ಬೇಡ ಅನ್ನುವುದಿಲ್ಲ. ಹಾಲು ಕಾಯಿಸದೆ ಮಕ್ಕಳಿಗೆ ಕೊಡುವುದಿಲ್ಲ. ಕೊಟ್ಟಿಗೆಯಲ್ಲಿರುವ ಎರಡು ಕಡಸುಗಳಿಗೆ ಲಸಿಕೆ ಆಗಿದೆ. ಮೂರನೆಯ ಕರುವಿಗೆ ಬರುವ ತಿಂಗಳು ನಾಲ್ಕು ತುಂಬುತ್ತದೆ.